ಶಿಫ್ಟ್ ಬಿಟ್ಟ ಮೇಲೆ

ಕೋಲ್ಕತ್ತಾದವರ ಎದುರು ಫುಟ್‌ಬಾಲ್ ಮಾತು ಬಂತೆಂದರೆ ಅಪ್ಪ ಒಂದು ಪ್ರಶ್ನೆ ಎಸೆಯದೆ ಬಿಡುವವರಲ್ಲ. ಮಗಳ ಆಫೀಸಿನ ಬಂಗಾಳಿ ಹುಡುಗನೊಬ್ಬ ಯುಗಾದಿ ಊಟಕ್ಕೆ ಬಂದಾಗಲೂ ಅಷ್ಟೆ, ಎಲೆಯ ಮೇಲೆ ಹೋಳಿಗೆ ಬೀಳುವ ಮೊದಲೇ ಪ್ರಶ್ನೆ ಬಿತ್ತು: “ಮೊದಲನೇ ಫೆಡರೇಷನ್ ಕಪ್ ಯಾರು ಗೆದ್ದಿದ್ದು, ಹೇಳಪ್ಪ ನೋಡೋಣ?” ಹುಡುಗ ತಡಮಾಡದೆ ಮೋಹನ್ ಬಾಗಾನ್ ಎಂದ. “ಅವರು ಫೈನಲ್‌ನಲ್ಲಿ ಸೋತವರು. ಗೆದ್ದಿದ್ದು ನಮ್ಮ ಐಟಿಐ.” ಹುಡುಗ ಎಡಗೈಯಲ್ಲೇ ಫೋನ್ ತೆಗೆದು ಹುಡುಕಿದ. ಅಪ್ಪ ಅಷ್ಟರಲ್ಲಿ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ್ದರು.

1977ರಲ್ಲಿ ಎರ್ನಾಕುಲಂನಲ್ಲಿ ನಡೆದ ಆ ಫೈನಲ್‌ನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಂಡ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿತು. ಕೃಷ್ಣರಾಜಪುರದ ಪಕ್ಕದ ದೂರವಾಣಿನಗರದಲ್ಲಿ ಟೆಲಿಫೋನು, ಎಕ್ಸ್‌ಚೇಂಜು ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಅದು. ಆಡಿದವರು ಅದೇ ಕಾರ್ಖಾನೆಯ ನೌಕರರು. “ಪೇಪರ್‌ನಲ್ಲಿ ಫೋಟೋ ಬಂದಿರೋನು ಮಾರನೇ ವಾರ ಕ್ಯಾಂಟೀನ್ ಸಾಲಲ್ಲಿ ತಟ್ಟೆ ಹಿಡ್ಕೊಂಡು ನಮ್ಮ ಮುಂದೆ ನಿಂತಿರೋನು” ಎಂದು ಅಪ್ಪ ಹೇಳುವಾಗ, ಕಪ್ಪಿಗಿಂತ ಆ ಕ್ಯಾಂಟೀನ್ ಸಾಲಿನ ಮೇಲೇ ಅವರಿಗೆ ಅಭಿಮಾನ ಹೆಚ್ಚು ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಮಾಲೂರು ಕಡೆಯ ಹಳ್ಳಿಯಿಂದ ಬಂದ ಅಪ್ಪ ಎಪ್ಪತ್ತರ ದಶಕದ ನಡುವಿನಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಸ್ಟ್ರೋಜರ್ ಎಕ್ಸ್‌ಚೇಂಜಿನ ರಿಲೇಗಳನ್ನು ಅಡ್ಜಸ್ಟ್ ಮಾಡುವ ಕೆಲಸ. ಅಂಗೈಗಿಂತ ಚಿಕ್ಕ ರಿಲೇ. ಅದರ ಬೆನ್ನ ಮೇಲೆ ತೆಳ್ಳನೆಯ ಸ್ಪ್ರಿಂಗ್ ಪಟ್ಟಿಗಳ ಸಾಲು. ಪಟ್ಟಿಯ ತುದಿಯಲ್ಲಿರುವ ಕಾಂಟ್ಯಾಕ್ಟ್‌ಗಳ ನಡುವೆ ಫೀಲರ್ ಗೇಜ್ ತೂರಿಸಿ ಸಂದು ಸರಿಯಿದೆಯೇ ನೋಡಬೇಕು. ಸಂದು ಹೆಚ್ಚೆನಿಸಿದರೆ ಪಟ್ಟಿಯನ್ನು ಬುಡದಲ್ಲಿ ಹಿಡಿದು ಕೂದಲೆಳೆಯಷ್ಟು ಬಗ್ಗಿಸಬೇಕು, ತಿರುಗಿ ಗೇಜ್ ಇಡಬೇಕು. ಆಮೇಲೆ ಒತ್ತಡ ಎಷ್ಟು ಗ್ರಾಂ ಎಂದು ಅಳೆಯಬೇಕು. ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಎಲ್ಲ ಪಟ್ಟಿಗಳೂ ಒಟ್ಟಿಗೆ ‘ಟಕ್’ ಎಂದರೆ ಅದು ಪಾಸು. ಒಂದು ಹಿಂದೆ ಬಿದ್ದರೂ ಮತ್ತೆ ಮೊದಲಿನಿಂದ. ಇಂಥವೇ ಇಡೀ ದಿನ. ಅಪ್ಪನ ಬಲಗೈ ಹೆಬ್ಬೆರಳು ಇವತ್ತಿಗೂ ಕನ್ನಡಕದ ಕಡ್ಡಿ ಸಡಿಲವಾದರೆ ಅದನ್ನು ಆ ಅಳತೆಯಲ್ಲೇ ಬಗ್ಗಿಸುತ್ತದೆ.

ಕೆಲಸ ಕಣ್ಣಿಗೆ ಶ್ರಮ, ಕತ್ತಿಗೆ ನೋವು. ಆದರೆ ಸೈರನ್ ಆದಮೇಲೆ ರಿಲೇ ಅವರ ಜೊತೆ ಮನೆಗೆ ಬರುತ್ತಿರಲಿಲ್ಲ. ಗೇಟು ದಾಟಿದರೆ ಸಂಜೆ ಅವರದು. ಅದರಲ್ಲಿ ಒಂದು ಪಾಲು ಮೈದಾನಕ್ಕೆ, ಒಂದು ಪಾಲು ಯೂನಿಯನ್ ಆಫೀಸಿಗೆ, ಉಳಿದದ್ದು ಮನೆಗೆ. ಮೂರನೆಯ ಪಾಲು ಯಾವಾಗಲೂ ಕಡಿಮೆ ಬೀಳುತ್ತಿತ್ತು ಎಂಬುದು ಅಮ್ಮನ ತಕರಾರು. “ಇವರು ಮೀಟಿಂಗ್ ಅಂದ್ರೆ ಮ್ಯಾಚು, ಮ್ಯಾಚು ಅಂದ್ರೆ ಮೀಟಿಂಗು. ಎರಡಕ್ಕೂ ಚಪ್ಪಲಿ ತುಂಬಾ ಕೆಂಪು ಮಣ್ಣು” ಎಂದು ಅವರು ಈಗಲೂ ಆಡಿಕೊಳ್ಳುತ್ತಾರೆ.

ಅಪ್ಪನ ರಾಜಕೀಯ ಶುರುವಾಗುವುದು, ಮುಗಿಯುವುದು ಎರಡೂ ಈ ಸಂಜೆಯ ಲೆಕ್ಕದಲ್ಲೇ. ಬ್ರಿಟನ್ನಿನಲ್ಲಿ 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳ ಹೆಂಗಸರು, ಎಳೆಯ ಹುಡುಗರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿತು; ಕ್ರಮೇಣ ಬೇರೆಯವರಿಗೂ ಆ ಬಿಡುವು ಸಿಕ್ಕಿ, ಮೂರು ಗಂಟೆಗೆ ಫುಟ್‌ಬಾಲ್ ಶುರುವಾಗುವ ವಾಡಿಕೆ ಬೆಳೆಯಿತು. 1886ರಲ್ಲಿ ಆರ್ಸೆನಲ್ ಕ್ಲಬ್ ಕಟ್ಟಿದವರು ವುಲಿಚ್‌ನ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು. ನಮ್ಮಲ್ಲಿ ವಾರದ 54 ಗಂಟೆ ಕೆಲಸವನ್ನು 48ಕ್ಕೆ ಇಳಿಸಿದ್ದು ಕಾರ್ಖಾನೆ ಕಾಯ್ದೆಯ 1946ರ ತಿದ್ದುಪಡಿ. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಅಂಬೇಡ್ಕರ್ ಅದಕ್ಕಾಗಿ ದುಡಿದಿದ್ದರು. ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರಕ್ಕೆ ಅದರ ಫುಟ್‌ಬಾಲ್ ಹುಚ್ಚಿನಿಂದಾಗಿ ‘ಮಿನಿ ಬ್ರೆಜಿಲ್’ ಎಂದೇ ಹೆಸರು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಹೊರಗಿನವರಿಗೆ ಇದು ಸೋಜಿಗ. ಅಪ್ಪನಿಗಲ್ಲ. “ಒಬ್ಬರು ಆಟಕ್ಕೆ ಟೈಮ್ ಕೊಡಿಸಿದ್ರು, ಇನ್ನೊಬ್ಬರು ಆ ಟೈಮಲ್ಲಿ ಏನು ಮಾಡಬೋದು ಅಂತ ತೋರಿಸಿದ್ರು.”

ಬೆಂಗಳೂರಿನ ಫುಟ್‌ಬಾಲ್ ಆಗ ದಂಡು ಪ್ರದೇಶದ ಓಣಿಗಳಲ್ಲಿ ಹುಟ್ಟಿ ಸಾರ್ವಜನಿಕ ಕಾರ್ಖಾನೆಗಳ ಸಂಬಳದಲ್ಲಿ ಬೆಳೆಯುತ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದ ಅಹಮದ್ ಖಾನ್, 1962ರ ಜಕಾರ್ತ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಇಲ್ಲಿಯವರೇ. ಪ್ರತಿಭೆ ಇದ್ದವರು ಕೋಲ್ಕತ್ತಾ ರೈಲು ಹತ್ತುತ್ತಿದ್ದ ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಡೆ ಕೆಲಸ ಸಿಕ್ಕಿದವರು ಊರಲ್ಲೇ ಉಳಿದರು. ಕಾಲು ಮುರಿದರೂ ಸಂಬಳ ನಿಲ್ಲದ ಆಟ ಅದು. ಅಪ್ಪ ಆಡಿದ್ದು ಡಿಪಾರ್ಟ್‌ಮೆಂಟುಗಳ ನಡುವಿನ ಪಂದ್ಯಗಳಲ್ಲಿ ಮಾತ್ರ, ಅದೂ ಬೇರೆ ಯಾರೂ ಸಿಗದಿದ್ದಾಗ ಬ್ಯಾಕ್ ಆಗಿ. ನೋಡುವುದರಲ್ಲಿ ಮಾತ್ರ ಅವರು ಮೊದಲ ದರ್ಜೆಯವರು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಕೂತರೆ ಲೈನ್ಸ್‌ಮನ್‌ಗೆ ಉಳಿಗಾಲವಿಲ್ಲ.

ಯೂನಿಯನ್ನಿಗೆ ಅವರನ್ನು ಎಳೆದದ್ದು ಸಂಬಳದ ವಿಷಯವಲ್ಲ, ತುರ್ತುಪರಿಸ್ಥಿತಿ. ಐಟಿಐ ಕಾರ್ಮಿಕ ನಾಯಕ ಮೈಕೆಲ್ ಫರ್ನಾಂಡಿಸ್ 1975ರ ಡಿಸೆಂಬರ್‌ನಲ್ಲಿ ಮೀಸಾ ಕಾಯ್ದೆಯಡಿ ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು. 1974ರ ರೈಲ್ವೆ ಮುಷ್ಕರದ ಮುಂದಾಳು ಜಾರ್ಜ್ ಫರ್ನಾಂಡಿಸ್ ಅವರ ಅಣ್ಣ. ಮರುವರ್ಷದ ಮೇ ತಿಂಗಳಲ್ಲಿ ಇನ್ನೊಬ್ಬ ಸಹೋದರ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದೊಯ್ದು ಚಿತ್ರಹಿಂಸೆ ಕೊಟ್ಟರು. ಕೆಲಸಕ್ಕೆ ಹೊಸಬರಾಗಿದ್ದ ಅಪ್ಪನಿಗೆ ಕ್ಯಾಂಟೀನಿನಲ್ಲಿ ದನಿ ತಗ್ಗಿಸಿ ಮಾತಾಡುವುದು ಹೇಗೆಂದು ಹಿರಿಯರು ಹೇಳಿಕೊಟ್ಟರು. ಅವರು ಚಂದಾ ಕಟ್ಟಿ ರಸೀದಿ ಪಡೆದದ್ದು ಆಗ. ವೋಟು ಯಾರಿಗೆ ಎಂದು ಅವರು ಮನೆಯಲ್ಲಿ ಈವರೆಗೂ ಬಾಯಿಬಿಟ್ಟಿಲ್ಲ. ಅಮ್ಮ ಮಾತ್ರ ಬೂತಿನಿಂದ ಹೊರಬರುತ್ತಲೇ ಬೀದಿಗೆಲ್ಲ ಹೇಳಿಬಿಡುತ್ತಾರೆ.

ಆಮೇಲೆ ಬಂದದ್ದು ದೊಡ್ಡ ಮುಷ್ಕರ. 1980ರ ಡಿಸೆಂಬರ್ ಕೊನೆಯಲ್ಲಿ ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಕಾರ್ಮಿಕರು ಒಟ್ಟಿಗೆ ಕೆಲಸ ನಿಲ್ಲಿಸಿದರು. ಬಿಎಚ್‌ಇಎಲ್‌ನಲ್ಲಿ ಸಿಗುವ ಸಂಬಳ ನಮಗೂ ಸಿಗಬೇಕು ಎಂಬುದು ಮುಖ್ಯ ಬೇಡಿಕೆ. ದೆಹಲಿಯಲ್ಲಿ ಇಂದಿರಾ ಗಾಂಧಿ, ಇಲ್ಲಿ ಗುಂಡೂರಾವ್. ಮುಷ್ಕರ 77 ದಿನ ನಡೆದು ಮಾರ್ಚ್‌ನಲ್ಲಿ ಮುಗಿಯಿತು, ಕೇಳಿದ್ದು ಸಿಗಲಿಲ್ಲ. ಅಪ್ಪ ಇದನ್ನು ಸುತ್ತುಬಳಸಿ ಹೇಳುವುದಿಲ್ಲ: “ಸೋತ್ವಿ. ಚೆನ್ನಾಗಿ ಆಡಿ ಸೋತ್ವಿ.”

ಆ ದಿನಗಳ ಲೆಕ್ಕ ಇರುವುದು ಅಮ್ಮನ ಬಳಿ. ಹೊಸದಾಗಿ ಮದುವೆಯಾಗಿ ಬಂದವರು. ಮೊದಲ ತಿಂಗಳು ಶೆಟ್ಟರ ಅಂಗಡಿಯಲ್ಲಿ ಉದ್ರಿ ನಡೆಯಿತು. ಎರಡನೇ ತಿಂಗಳು ಶೆಟ್ಟರು ಅಕ್ಕಿ, ಬೇಳೆ, ಉಪ್ಪು ಮಾತ್ರ ಎಂದರು. ಕಾಫಿಪುಡಿ, ಸೋಪು ನಿಂತವು. ಮಾಲೂರಿಂದ ಅತ್ತೆ ರಾಗಿ ಮೂಟೆ ಬಸ್ಸಿನ ಮೇಲೆ ಹಾಕಿ ಕಳಿಸಿದರು. ಅಮ್ಮ ಬಳೆ ಅಡವಿಟ್ಟರು, ಬಿಡಿಸಿಕೊಂಡದ್ದು ಬಹಳ ತಡವಾಗಿ. ಆ ಹೊತ್ತಿನಲ್ಲಿ ಗಂಡಸರು ಏನು ಮಾಡುತ್ತಿದ್ದರು ಎಂದು ಕೇಳಿದರೆ ಅಮ್ಮ ಹುಬ್ಬು ಹಾರಿಸುತ್ತಾರೆ. ಬೆಳಗ್ಗೆ ಗೇಟ್ ಮೀಟಿಂಗು, ಮಧ್ಯಾಹ್ನದ ಬಿಸಿಲಲ್ಲಿ ಕ್ವಾರ್ಟರ್ಸ್ ಬಯಲಿನಲ್ಲಿ ಫುಟ್‌ಬಾಲು. ತಮಿಳರು, ಮಲಯಾಳಿಗಳು, ತೆಲುಗರು, ಕನ್ನಡದವರು ಒಂದೇ ಚೆಂಡಿಗೆ ಒದೆಯುತ್ತಿದ್ದರು, ನಾಲ್ಕು ಭಾಷೆಯಲ್ಲಿ ಬೈಯುತ್ತಿದ್ದರು. ಆಟ ಇರದಿದ್ದರೆ ಎರಡನೇ ತಿಂಗಳಲ್ಲೇ ಅರ್ಧ ಜನ ವಾಪಸ್ ಒಳಗೆ ಹೋಗುತ್ತಿದ್ದರು ಎಂಬುದು ಅಪ್ಪನ ವಾದ. ರಾಗಿ ಇರದಿದ್ದರೆ ಮೊದಲನೇ ತಿಂಗಳಲ್ಲೇ ಎಂಬುದು ಅಮ್ಮನದು.

1986ರ ಹೊತ್ತಿಗೆ ಮನೆಗೆ ಟಿ.ವಿ. ಬಂದಿತ್ತು. ಜೂನ್ 22ರಂದು ಅರ್ಜೆಂಟೀನಾ–ಇಂಗ್ಲೆಂಡ್ ಪಂದ್ಯ ಮೆಕ್ಸಿಕೋದ ನಡುಮಧ್ಯಾಹ್ನ; ನಮಗೆ ರಾತ್ರಿ ಹನ್ನೊಂದೂವರೆ. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮರಡೋನಾ ಕೈಯಲ್ಲಿ ಹೊಡೆದ ಮೊದಲ ಗೋಲಿಗೆ ಕೋಣೆ ಎರಡು ಬಣವಾಯಿತು, ಎರಡನೆಯದಕ್ಕೆ ಒಂದಾಯಿತು. ತೊಟ್ಟಿಲಲ್ಲಿದ್ದ ಮಗಳು ಗಲಾಟೆಗೆ ಎದ್ದು ಬೆಳಗಿನವರೆಗೂ ಅತ್ತಳು. ತನಗೆ ಫುಟ್‌ಬಾಲ್ ಕಂಡರೆ ಆಗದಿರುವುದಕ್ಕೆ ಅವಳು ಇವತ್ತಿಗೂ ಕೊಡುವ ಕಾರಣ ಆ ರಾತ್ರಿ.

ಊರಿನ ಸಾರ್ವಜನಿಕ ಕಾರ್ಖಾನೆಗಳ ಪಟ್ಟಿ ತೊಂಬತ್ತರ ದಶಕದ ನಂತರ ಸವೆಯುತ್ತ ಬಂತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದು ಸ್ಟ್ರೋಜರ್ ರಿಲೇಗಳು ಗುಜರಿ ಸೇರಿದವು. ಟೆಲಿಕಾಂ ಖಾಸಗಿಗೆ ತೆರೆದಮೇಲೆ ಆರ್ಡರುಗಳೂ ಕರಗಿದವು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಎಚ್‌ಎಂಟಿ ವಾಚುಗಳ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಫುಟ್‌ಬಾಲಿನಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ವರೆಗೂ ಹೋಗಿ 2012ರಲ್ಲಿ ಕೆಳಗಿಳಿಯಿತು. ಐಟಿಐ ಉಳಿದಿದೆ, ಆದರೆ ಗೇಟಿನ ಹೊರಗೆ ಈಗ ಕಾಣುವ ಹೋರಾಟ ಬೇರೆ ಬಗೆಯದು. 2021ರ ಡಿಸೆಂಬರ್‌ನಲ್ಲಿ ಸುಮಾರು 80 ಗುತ್ತಿಗೆ ಕಾರ್ಮಿಕರು ಕೆಲಸ ಕಳೆದುಕೊಂಡು ಅಲ್ಲೇ ಧರಣಿ ಕೂತರು. ಸಂಘ ಕಟ್ಟಿದ್ದಕ್ಕೆ ಹೀಗಾಯಿತು ಎಂಬುದು ಅವರ ದೂರು. ನಿವೃತ್ತರಾಗಿ ರಾಮಮೂರ್ತಿನಗರದ ಸೊಸೈಟಿ ಸೈಟಿನಲ್ಲಿ ಮನೆ ಕಟ್ಟಿಕೊಂಡಿದ್ದ ಅಪ್ಪ ಫ್ಲಾಸ್ಕಿನಲ್ಲಿ ಟೀ ಹಿಡಿದು ಹೋಗಿ ಕೂತು ಬಂದರು.

ಯೂನಿಯನ್ ಎಂದರೆ ಗಂಡಸರ ಕೆಲಸ ಎಂದು ಒಳಗೊಳಗೇ ನಂಬಿದ್ದ ಅವರಿಗೆ ಬೇರೆ ಪಾಠ ಹೇಳಿದ್ದು ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ತಂಗಿ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಮಗಳ ಮದುವೆಗೋ, ಮಗನ ಫೀಸಿಗೋ ಕೆಲಸ ಬಿಟ್ಟು ಪಿಎಫ್ ಬಿಡಿಸಿಕೊಂಡು, ಇನ್ನೊಂದು ಕಂಪನಿಗೆ ಸೇರುವ ಹೆಂಗಸರಿಗೆ ಅದೊಂದೇ ಗಂಟು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ, ಮಾರನೇ ದಿನ ತುಮಕೂರು ರಸ್ತೆಯಲ್ಲೂ ಸಾವಿರಾರು ಹೆಂಗಸರು ಯಂತ್ರ ಬಿಟ್ಟೆದ್ದು ರಸ್ತೆಗೆ ಬಂದರು. ಕಲ್ಲು ಬಿದ್ದವು, ಬಸ್ಸು ಉರಿದವು, ಪೊಲೀಸರು ಲಾಠಿ ಬೀಸಿದರು. ಬಹುಪಾಲು ಜನಕ್ಕೆ ಯಾವ ಸಂಘದ ಚೀಟಿಯೂ ಇರಲಿಲ್ಲ. 19ರ ಸಂಜೆಗೆ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. “77 ದಿನದಲ್ಲಿ ನಿಮಗೆ ಆಗದ್ದು ನಮಗೆ ಎರಡು ದಿನದಲ್ಲಿ ಆಯ್ತು ನೋಡಣ್ಣ” ಎಂದಳು ತಂಗಿ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. ಅಪ್ಪ ಮರುಮಾತಾಡಲಿಲ್ಲ.

ಮಗಳದು ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅಪ್ಪನ ಸಂಬಳದ ಎಷ್ಟೋ ಪಟ್ಟು. ಅವಳ ಕೆಲಸಕ್ಕೆ ಸೈರನ್ ಇಲ್ಲ. ರಾತ್ರಿ ಒಂಬತ್ತಕ್ಕೆ ಅಮೆರಿಕದ ಕರೆ, ಹತ್ತೂವರೆಗೆ ಇನ್ನೊಂದು. ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪ್. “ಇಷ್ಟು ಹೊತ್ತಲ್ಲಿ ಯಾರಮ್ಮ ಅದು?” ಎಂದು ಅಪ್ಪ ಮೊದಮೊದಲು ಕೇಳುತ್ತಿದ್ದರು. ಓಟಿ ಎಷ್ಟು ಕೊಡ್ತಾರೆ ಎಂದು ಕೇಳಿದಾಗ ಅವಳು ನಕ್ಕದ್ದನ್ನು ಅವರು ಮರೆತಿಲ್ಲ. ನಮ್ಮಲ್ಲಿ ಯೂನಿಯನ್ ಎಲ್ಲ ಇರಲ್ಲ ಅಪ್ಪ, ಇಷ್ಟ ಆಗದಿದ್ದರೆ ಕಂಪನಿ ಬದಲಾಯಿಸ್ತೀವಿ ಎಂಬುದು ಅವಳ ಉತ್ತರ. ಬಹುಕಾಲ ಆ ಉತ್ತರ ಸರಿಯಾಗಿಯೇ ಇತ್ತು: ಬದಲಾಯಿಸಿದಾಗಲೆಲ್ಲ ಸಂಬಳ ಏರುತ್ತಿತ್ತು. ಜೊತೆಯವರಿಗೆ ಒಂದೇ ಬೆಳಗ್ಗೆ ಲಾಗಿನ್ ನಿಂತುಹೋಗುವ ಕಾಲ ಬಂದಮೇಲೆ ಅದು ಸಡಿಲವಾಯಿತು.

ಕೆಲಸದ ಷರತ್ತುಗಳನ್ನು ಮಾಲೀಕರು ಬರೆದಿಡಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂದಿತ್ತು. ಐಟಿ ನೌಕರರಿಗೆಂದು ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಅಂದರೆ ಕೀಟು, ಹುಟ್ಟಿದ್ದು 2017ರಲ್ಲಿ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿ ಹೇಳಿದ್ದು ಊರೆಲ್ಲ ಚರ್ಚೆಯಾಯಿತು. ಅದೇ ವರ್ಷ ಕಾರ್ಖಾನೆಗಳಿಗೆ ವಾರದ 48 ಗಂಟೆ ಮಿತಿ ಉಳಿಸಿಕೊಂಡೇ ದಿನಕ್ಕೆ 12 ಗಂಟೆ ದುಡಿಸಲು ರಾಜ್ಯ ದಾರಿ ಮಾಡಿಕೊಟ್ಟಿತ್ತು. 2024ರ ಜುಲೈನಲ್ಲಿ ಐಟಿಯವರಿಗೆ ಓಟಿ ಸೇರಿ ದಿನಕ್ಕೆ 14 ಗಂಟೆ ಮಾಡುವ ಪ್ರಸ್ತಾವ ಬಂತು. ಆಗಿನ ಮಿತಿ ಓಟಿ ಸೇರಿ 10 ಗಂಟೆ. ಕೀಟು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರ ಮುಂದೆ ವಿರೋಧ ಇಟ್ಟಿತು. ಪತ್ರಿಕೆಯಲ್ಲಿ ಇದನ್ನು ಓದಿದ ಅಪ್ಪ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು: 14 ಗಂಟೆ ಕೆಲಸ, ಮಾರತ್ತಹಳ್ಳಿ ಟ್ರಾಫಿಕ್ಕಿಗೆ ಎರಡು, ನಿದ್ದೆಗೆ ಏಳು. ಉಳಿದ ಒಂದು ಗಂಟೆಗೆ ಗೆರೆ ಹಾಕಿ ಮಗಳ ಮುಂದಿಟ್ಟರು. ಸ್ನಾನ, ಊಟ, ಮಗ, ಗಂಡ ಎಲ್ಲ ಇದರಲ್ಲೇ ಎಂದರು. ಅವಳು ಆ ವಾರವೇ ಸಂಘದ ಸದಸ್ಯಳಾದಳು. ಅಪ್ಪ ಕೇಳಿದ್ದು ಒಂದೇ: “ರಸೀದಿ ಕೊಟ್ರಾ?”

ಆಟದ ಹುಚ್ಚು ಒಂದು ತಲೆಮಾರು ಹಾರಿ ಮೊಮ್ಮಗನಿಗೆ ಇಳಿದಿದೆ. ಅವನು ಆಡುವುದು ಗಂಟೆಗಿಷ್ಟು ಎಂದು ದುಡ್ಡು ಕಟ್ಟಿ ಹಿಡಿಯುವ ಟರ್ಫ್‌ನಲ್ಲಿ. ಅವನ ತಂಡ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ. ಮೊದಲ ಋತುವಿನಲ್ಲೇ ಐ-ಲೀಗ್, 2018–19ರಲ್ಲಿ ಐಎಸ್‌ಎಲ್ ಗೆದ್ದ ಕ್ಲಬ್. ಕಂಠೀರವದ ಪಶ್ಚಿಮ ಗ್ಯಾಲರಿಯ ಹಾಡು ಅವನಿಗೆ ಬಾಯಿಪಾಠ. 2023ರ ಮಾರ್ಚ್ 3ರಂದು ಅಲ್ಲಿ ಸುನಿಲ್ ಛೆಟ್ರಿ ಬೇಗನೆ ಒದ್ದ ಫ್ರೀಕಿಕ್ ಗೋಲಾಗಿ, ಅದು ಸರಿಯಲ್ಲವೆಂದು ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು. ತಾತನಿಗೆ ಗೋಲಿಗಿಂತ ಆ ನಡಿಗೆಯ ಮೇಲೆ ಸಿಟ್ಟು. “ವಾಕೌಟ್ ಮಾಡೋರು ಗೇಟ್ ಹತ್ರ ನಿಲ್ಲಬೇಕು ಕಣೋ. ಬಸ್ ಹತ್ತಿ ಹೋದ್ರೆ ಬೇಡಿಕೆ ಯಾರ ಹತ್ರ ಇಡ್ತಾರೆ?” ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಮಾರನೇ ದಿನ ರಿಯಾದ್‌ನಲ್ಲಿ ಕರ್ನಾಟಕ 3–2ರಿಂದ ಮೇಘಾಲಯವನ್ನು ಸೋಲಿಸಿ, ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಮೊಮ್ಮಗ ಇನ್ನೂ ಫ್ರೀಕಿಕ್ ವಿಡಿಯೊ ನೋಡುತ್ತಿದ್ದ. ತಾತ ಒಬ್ಬರೇ ಹೋಗಿ ಮೈಸೂರ್‌ಪಾಕ್ ತಂದರು.

ಐಎಸ್‌ಎಲ್‌ನ ಭವಿಷ್ಯ ಇತ್ಯರ್ಥವಾಗದೆ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಮೊಮ್ಮಗ ಹೌಹಾರಿ ತಾತನ ಬಳಿ ಓಡಿದ. ಇವರಿಗೆ ಯೂನಿಯನ್ ಇಲ್ವಾ ಎಂದು ತಾತ ಕೇಳಿದರು. ಇದೆ, ಭೈಚುಂಗ್ ಭುಟಿಯಾ ಮುಂದೆ ನಿಂತು 2006ರಲ್ಲಿ ಕಟ್ಟಿದ ಭಾರತೀಯ ಫುಟ್‌ಬಾಲ್ ಆಟಗಾರರ ಸಂಘ. ಆ ಸಂಜೆ ಹುಡುಗನಿಗೆ 77 ದಿನದ ಕಥೆ ಮೊದಲ ಸಲ ಪೂರ್ತಿ ಕೇಳಸಿಕ್ಕಿತು, ರಾಗಿ ಮೂಟೆಯ ಭಾಗ ಅಜ್ಜಿಯ ಬಾಯಿಂದ.

ಅದಕ್ಕೂ ಮುಂಚೆ, 2025ರ ಮಾರ್ಚ್ 9ರ ಭಾನುವಾರ, ಕೀಟು ಫ್ರೀಡಂ ಪಾರ್ಕ್‌ನಲ್ಲಿ ಪ್ರತಿಭಟನೆ ಕರೆದಿತ್ತು. ಮಗಳ ಜೊತೆ ಅಪ್ಪನೂ ಕೃಷ್ಣರಾಜಪುರದಲ್ಲಿ ಮೆಟ್ರೊ ಹತ್ತಿದರು. ಫ್ರೀಡಂ ಪಾರ್ಕ್ ಎಂದರೆ ಹಳೆಯ ಸೆಂಟ್ರಲ್ ಜೈಲೇ. ಮೈಕೆಲ್ ಇದ್ದ ಜಾಗ ಎಂದು ಅವರು ಮಗಳಿಗೆ ಗೋಡೆ ತೋರಿಸಿದರು. ಅವಳು ಮುಖಕ್ಕೆ ಮಾಸ್ಕ್ ಏರಿಸಿಕೊಂಡಿದ್ದಳು, ಮ್ಯಾನೇಜರ್ ಕಣ್ಣಿಗೆ ಫೋಟೋ ಬಿದ್ದರೆ ಕಷ್ಟ ಎಂದು. ಜನ ಕಮ್ಮಿ ಎಂಬುದು ಅಪ್ಪನ ಮೊದಲ ಆಕ್ಷೇಪ, ಇಂಗ್ಲಿಷ್ ಜಾಸ್ತಿ ಎಂಬುದು ಎರಡನೆಯದು. ಫಲಕ ಹಿಡಿದಿದ್ದ ಹುಡುಗನೊಬ್ಬನನ್ನು ಪಕ್ಕಕ್ಕೆ ಕರೆದು, ಘೋಷಣೆ ಕೂಗುವಾಗ ಕೊನೆಯ ಪದ ಚಿಕ್ಕದಿರಬೇಕು, ಹಿಂದಿದ್ದವರು ಹಿಡಿಯೋಕೆ ಆಗಬೇಕು ಎಂದು ಹೇಳಿಕೊಟ್ಟರು. ನಾಲ್ಕಕ್ಕೆ ಮೊಮ್ಮಗನ ಪಂದ್ಯವಿತ್ತು. ಭಾಷಣ ಮುಗಿಯುವ ಮುಂಚೆಯೇ ಅಪ್ಪ ಗಡಿಯಾರ ತೋರಿಸಿದರು, ಮಗಳು ಕೂತೇ ಇದ್ದಳು, ಅಪ್ಪ ಒಬ್ಬರೇ ಹೊರಟರು. ಹುಡುಗರು 4–1ರಿಂದ ಸೋತಿದ್ದರು. ರಾತ್ರಿ ಊಟಕ್ಕೆ ಕೂತಾಗ ಮೀಟಿಂಗು ಏನಾಯಿತು ಎಂದು ಅಪ್ಪ ಕೇಳುತ್ತಿದ್ದರೆ, ಎರಡನೇ ಗೋಲು ಆಫ್‌ಸೈಡ್ ಹೌದೋ ಅಲ್ಲವೋ ಎಂದು ಮಗಳೇ ಮೊದಲು ಮಗನನ್ನು ವಿಚಾರಿಸಿದಳು. ಅಮ್ಮ ಮುದ್ದೆ ಬಡಿಸುತ್ತ, ರೆಫರಿಗೆ ಎಷ್ಟು ಸಂಬಳ ಕೊಡ್ತಾರೆ ಎಂದು ಕೇಳಿದರು.